ಮೆಗ್ನೀಷಿಯಂ ಗುಳಿಗೆ: ಡಬ್ಬಿ ಕೊಳ್ಳುವ ಮೊದಲಿನಿಂದ ಆರನೇ ವಾರದವರೆಗೆ

ವಿಜಯಪುರದಲ್ಲಿ ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಆಗಾಗ ಯಾರಾದರೂ ಮೈನೋವಿಗೆ, ನಿದ್ದೆಗೆ ಅಂತ ಕೊಂಡು ಅರ್ಧ ಖಾಲಿ ಮಾಡಿದ ಮೆಗ್ನೀಷಿಯಂ ಅನ್ನುವ ಖನಿಜದ ಗುಳಿಗೆ ಡಬ್ಬಿ ಹಿಡಿದು ಬರುತ್ತಾರೆ. "ಅಣ್ಣಾರ, ಇದನ್ನ ವಾಪಸ್ ತಗೋತೀರೇನ್ರಿ? ಹೊಟ್ಟಿ ಪೂರಾ ಕೆಟ್ಟೈತಿ." ಇಲ್ಲವೇ, "ತಿಂಗಳಾತ್ರಿ, ಏನೂ ಫರಕ್ ಇಲ್ಲ." ಜಿಮ್ ಹುಡುಗರು, ಸೈಕಲ್ ತುಳಿಯುವವರು, ನಸುಕಿನಲ್ಲಿ ಗೋಲಗುಮ್ಮಟದ ಕಡೆ ಓಡುವವರು, ಮೊನ್ನೆ ಮೊನ್ನೆ ವಾಕಿಂಗ್ ಶುರು ಮಾಡಿದ ಕಾಕಾಗಳು, ಎಲ್ಲರದೂ ಹೆಚ್ಚು ಕಡಿಮೆ ಅದೇ ಕತೆ. ಸ್ವಲ್ಪ ಕೆದಕಿ ಕೇಳಿದರೆ ಗೊತ್ತಾಗುತ್ತದೆ: ಮೊದಲು ಡಬ್ಬಿ ಕೊಂಡಿರುತ್ತಾರೆ, ಆಮೇಲೆ ನುಂಗಿರುತ್ತಾರೆ, ಹೊಟ್ಟೆ ಕೆಟ್ಟ ಮೇಲೆ ಲೇಬಲ್ ಓದಿರುತ್ತಾರೆ, ಕಟ್ಟಕಡೆಗೆ ಡಾಕ್ಟರನ್ನು ಕೇಳಿರುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು.

ನಾನೇನೂ ಶಾಣ್ಯಾ ಅಲ್ಲ. ಔಷಧಿ ಮಾರುವವನಾಗಿಯೂ ಮೊದಲ ಸಲ ಅಗ್ಗದ್ದು ಸಿಕ್ಕಿತೆಂದು ಮೆಗ್ನೀಷಿಯಂ ಆಕ್ಸೈಡ್ ಅನ್ನುವ ಜಾತಿಯ ಗುಳಿಗೆ ಎರಡು ಒಟ್ಟಿಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಸೊಲ್ಲಾಪುರ ರಸ್ತೆಗೆ ಸೈಕಲ್ ತಿರುಗಿಸಿದೆ. ಹದಿನೈದು ಕಿಲೋಮೀಟರ್ ಆಚೆ, ಕಟಾವಾದ ಜೋಳದ ಹೊಲ, ಮರೆಗೆ ಒಂದು ಗಿಡವೂ ಇಲ್ಲ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

## ಕೈಯಲ್ಲಿ ಏನೇನು ಇರಬೇಕು

ಒಂದು ನೋಟ್‌ಬುಕ್. ಫೋನಿನ ಕ್ಯಾಲ್ಕ್ಯುಲೇಟರ್. ನೀವು ಈಗ ತಗೊಳ್ಳುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ, ಇಲ್ಲವೇ ಅವುಗಳ ಖಾಲಿ ಸ್ಟ್ರಿಪ್. ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್, ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆಯದು. ಗುಳಿಗೆ ಅರ್ಧ ಮಾಡಬೇಕಾದರೆ ಗುಳಿಗೆ ಕತ್ತರಿಸುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಈಳಿಗೆಯಲ್ಲಿ ಕತ್ತರಿಸಿದರೆ ಅರ್ಧ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಇಷ್ಟೇ. ಡಬ್ಬಿಯನ್ನು ಇನ್ನೂ ಕೊಳ್ಳಬೇಡಿ.

## ಹಂತ 1: ಕಿಡ್ನಿ ನೋಡಿಕೊಳ್ಳಿ

ಊಟದಿಂದ ಬಂದ ಹೆಚ್ಚುವರಿ ಮೆಗ್ನೀಷಿಯಂ ಇರಲಿ, ಗುಳಿಗೆಯಿಂದ ರಕ್ತಕ್ಕೆ ಸೇರಿದ್ದಿರಲಿ, ಅದನ್ನು ಹೊರಗೆ ಹಾಕುವುದು ಕಿಡ್ನಿ. ಕಿಡ್ನಿ ಸರಿ ಇದ್ದರೆ ಸ್ವಲ್ಪ ಹೆಚ್ಚಾದರೂ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ ರಕ್ತದಲ್ಲೇ ಕೂಡುತ್ತಾ ಹೋಗುತ್ತದೆ, ಹೃದಯದ ಬಡಿತದವರೆಗೂ ತೊಂದರೆ ಮಾಡುತ್ತದೆ. ಅದಕ್ಕೇ ಇದು ಮೊದಲ ಹಂತ. ಜನ ಬಿಟ್ಟುಬಿಡುವುದೂ ಇದನ್ನೇ.

ಸಕ್ಕರೆ ಕಾಯಿಲೆ, ಬಿಪಿ ಇದ್ದವರು, ಐವತ್ತು ದಾಟಿದವರು ಮತ್ತು ನೋವಿನ ಗುಳಿಗೆಯನ್ನು ಚಹಾದ ಹಾಗೆ ನುಂಗುವವರು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದು ದೊಡ್ಡ ಖರ್ಚಿನ ಪರೀಕ್ಷೆಯಲ್ಲ. ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅನ್ನುವ ಸಂಖ್ಯೆ ಇರುತ್ತದೆ, ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತದೆ ಅನ್ನುವುದರ ಲೆಕ್ಕ ಅದು, ಇಲ್ಲದಿದ್ದರೆ ಡಾಕ್ಟರ್ ಲೆಕ್ಕ ಹಾಕಿ ಹೇಳುತ್ತಾರೆ. 30ಕ್ಕಿಂತ ಕೆಳಗಿದ್ದರೆ ಸ್ವಂತ ಬುದ್ಧಿಯಿಂದ ಮೆಗ್ನೀಷಿಯಂ ಮುಟ್ಟಬೇಡಿ. 30ರಿಂದ 60ರ ನಡುವೆ ಇದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಜಿಮ್ ಹುಡುಗರಿಗೆ ಒಂದು ಮಾತು: ಮೈಯಲ್ಲಿ ಮಾಂಸಖಂಡ ಜಾಸ್ತಿ ಇದ್ದರೆ ಅಥವಾ ಜಿಮ್ಮಿನವರು ಕುಡಿಯುವ ಕ್ರಿಯಾಟಿನ್ ಪುಡಿ ತಗೊಳ್ಳುತ್ತಿದ್ದರೆ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚು ಕಾಣಬಹುದು. ಆ ಪುಡಿಯ ವಿಷಯ ಮುಚ್ಚಿಡದೆ ಹೇಳಿ.

ಹೃದಯದ ಬಡಿತ ನಿಧಾನ ಇರುವವರು, ಹಾರ್ಟ್ ಬ್ಲಾಕ್ (ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ) ಇದೆ ಅಂತ ಹೇಳಿಸಿಕೊಂಡವರು, ಮಯಸ್ತೇನಿಯಾ ಅನ್ನುವ ಸ್ನಾಯು ಕಾಯಿಲೆ ಇದ್ದವರು, ಬಸುರಿಯರು, ಇವರಿಗೆ ಈ ಲೇಖನ ಸಾಲದು. ಡಾಕ್ಟರ್ ಬೇಕು. ಮಕ್ಕಳಿಗೆ ದೊಡ್ಡವರ ಡಬ್ಬಿಯಿಂದ ಕೊಡುವುದಂತೂ ಬೇಡವೇ ಬೇಡ.

## ಹಂತ 2: ತಟ್ಟೆಯ ಲೆಕ್ಕ ಹಾಕಿ

ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 310ರಿಂದ 420 ಮಿಗ್ರಾಂ. ಹೆಂಗಸರಿಗೆ ಕೆಳಗಿನ ತುದಿ, ಗಂಡಸರಿಗೆ ಮೇಲಿನ ತುದಿ ಅಂತ ಇಟ್ಟುಕೊಳ್ಳಿ. ಇದು ಊಟ ಸೇರಿದ ಒಟ್ಟು ಲೆಕ್ಕ. ಪೂರಾ ಗುಳಿಗೆಯಿಂದಲೇ ಬರಬೇಕು ಅಂತ ಎಲ್ಲೂ ಇಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಜನ 400 ಮಿಗ್ರಾಂ ಗುಳಿಗೆ ಹುಡುಕುತ್ತಾರೆ.

ಈಗ ನಮ್ಮ ತಟ್ಟೆ ನೋಡಿ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 130ರಿಂದ 165 ಮಿಗ್ರಾಂ ಮೆಗ್ನೀಷಿಯಂ ಇರುತ್ತದೆ. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೂ 80ರಿಂದ 100 ಆಯಿತು. ಶೇಂಗಾ ಒಂದು ಮುಷ್ಟಿ, ಅಂದರೆ 25 ಗ್ರಾಂ, ಅದರಲ್ಲಿ 40ಕ್ಕೆ ಮೇಲೆ. ಅಗಸಿ ಹಿಂಡಿ (ಚಟ್ನಿಪುಡಿ) ಒಂದು ದೊಡ್ಡ ಚಮಚ ಹಾಕಿಕೊಂಡರೆ ಇನ್ನೊಂದು 35ರ ಹತ್ತಿರ. ಎಳ್ಳೂ ಹೆಚ್ಚು ಕಡಿಮೆ ಅಷ್ಟೇ. ಹೆಸರುಕಾಳು ಒಣಗಿದ್ದು 30 ಗ್ರಾಂ ಹಾಕಿ ಪಲ್ಯ ಮಾಡಿದರೆ 50ರ ಆಸುಪಾಸು. ಪೈಲ್ವಾನರ ತಂಡಾಯಿಗೆ ಬೀಳುವ ಹತ್ತು ಬಾದಾಮಿಯಲ್ಲಿ 30. ಅಂದರೆ ದಿನಕ್ಕೆ ಮೂರು ರೊಟ್ಟಿ, ಹಿಂಡಿ, ಕಾಳು ಪಲ್ಯ ತಿನ್ನುವ ಮನುಷ್ಯ ಗುಳಿಗೆ ಇಲ್ಲದೆಯೇ 350 ಮುಟ್ಟುತ್ತಾನೆ. ಅಂಥವನಿಗೆ ಡಬ್ಬಿ ಮಾರುವಾಗ ನನಗೇ ಒಂಥರಾ ಅನ್ನಿಸುತ್ತದೆ.

ಹಾಗಂತ ಎಲ್ಲರೂ ರೊಟ್ಟಿ ತಿನ್ನುತ್ತಾರಾ? ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ರೂಮ್ ಮಾಡಿಕೊಂಡು ಇರುವ ಹುಡುಗರ ದಿನ ಬೇರೆ ಥರ ಇರುತ್ತದೆ: ಬೆಳಿಗ್ಗೆ ಉಪ್ಪಿಟ್ಟು ಅಥವಾ ಇಡ್ಲಿ, ಮಧ್ಯಾಹ್ನ ಮೆಸ್‌ನಲ್ಲಿ ಬಿಳಿ ಅನ್ನ ಸಾರು, ಸಂಜೆ ಪಾವ್ ಭಾಜಿ, ರಾತ್ರಿ ಎಗ್ ರೈಸ್. ಬಿಳಿ ಅನ್ನ ಒಂದು ಬಟ್ಟಲಿಗೆ 20ರ ಮೇಲೆ ಸ್ವಲ್ಪ, ಅಷ್ಟೇ. ಮೈದಾದಲ್ಲೂ ಹೇಳಿಕೊಳ್ಳುವಂಥದ್ದೇನಿಲ್ಲ. ಇಂಥ ಊಟದಲ್ಲಿ ಕೊರತೆ ಆಗುವುದು ಸಹಜ.

ಮೂರು ದಿನ ತಿಂದದ್ದೆಲ್ಲ ಬರೆದು ಲೆಕ್ಕ ಹಾಕಿ. ಒಂದು ದಿನ ಭಾನುವಾರ ಇರಲಿ, ಯಾಕೆಂದರೆ ಭಾನುವಾರದ ಊಟ ಉಳಿದ ದಿನಗಳ ಹಾಗೆ ಇರುವುದಿಲ್ಲ. 300 ದಾಟಿದರೆ ಮೊದಲು ಊಟದಲ್ಲೇ ತುಂಬಿಸಿಕೊಳ್ಳಿ, ಒಂದು ಚಮಚ ಹಿಂಡಿ ಜಾಸ್ತಿ ಅಷ್ಟೇ ತಾನೆ. ಜೋಳ ಮತ್ತು ಕಾಳಿನಲ್ಲಿ ಇರುವ ಫೈಟೇಟ್ ಅನ್ನುವ ಅಂಶ ಮೆಗ್ನೀಷಿಯಂ ಹೀರಿಕೊಳ್ಳುವುದನ್ನು ಸ್ವಲ್ಪ ತಡೆಯುತ್ತದೆ ನಿಜ, ಕಾಳನ್ನು ನೆನೆಸಿ ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ. ಅದಕ್ಕೆ ಹೆದರಿ ರೊಟ್ಟಿ ಬಿಡುವವರು ಬಂದರೆ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

## ಹಂತ 3: ಗುಳಿಗೆಯಿಂದ ಏನು ಬೇಕು ಅಂತ ಬರೆಯಿರಿ

"ಶಕ್ತಿ ಬರಲಿ" ಅನ್ನುವುದು ಗುರಿಯಲ್ಲ. ವ್ಯಾಯಾಮದ ಮರುದಿನದ ಮೈನೋವು ಕಡಿಮೆಯಾಗಬೇಕೇ? ರಾತ್ರಿ ನಿದ್ದೆಯೇ? ಕಾಲು ಹಿಡಿದುಕೊಳ್ಳುವುದೇ? ಮಲಬದ್ಧತೆಯೇ? ಒಂದನ್ನು ಬರೆಯಿರಿ.

ಮೈನೋವಿನ ಬಗ್ಗೆ ಆಗಿರುವ ಅಧ್ಯಯನಗಳು ಸಣ್ಣವು. ಕೆಲವರಲ್ಲಿ ಸ್ವಲ್ಪ ಅನುಕೂಲ ಕಂಡಿದೆ, ಅದೂ ಊಟದಲ್ಲಿ ಕೊರತೆ ಇದ್ದವರಿಗೆ ಉಪಯೋಗ ಆಗುವ ಸಾಧ್ಯತೆ ಜಾಸ್ತಿ. ಬೋಗುಣಿ ಅರ್ಧ ಖಾಲಿ ಇದ್ದರೆ ಸುರಿದದ್ದು ನಿಲ್ಲುತ್ತದೆ, ತುಂಬಿದ್ದರೆ ಚೆಲ್ಲಿ ಹೋಗುತ್ತದೆ. ಕಾಲು ಹಿಡಿದುಕೊಳ್ಳುವ ವಿಷಯದಲ್ಲಿ ಮಾತ್ರ ಆಸೆ ಕಡಿಮೆ ಇಟ್ಟುಕೊಳ್ಳಿ. ಆಗಿರುವ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರ 2020ರ ವಿಮರ್ಶೆ ವಯಸ್ಸಾದವರ ಸ್ನಾಯುಸೆಳೆತಕ್ಕೆ ಮೆಗ್ನೀಷಿಯಂ ಗಮನಿಸುವಷ್ಟು ಕೆಲಸ ಮಾಡುವುದು ಅನುಮಾನ ಅಂತಲೇ ಹೇಳಿತು. ವ್ಯಾಯಾಮದಿಂದ ಬರುವ ಸೆಳೆತದ ಮೇಲಂತೂ ಅವರಿಗೆ ಸರಿಯಾದ ಪ್ರಯೋಗ ಒಂದೂ ಸಿಗಲಿಲ್ಲ.

ನಮ್ಮ ಕಡೆ ಏಪ್ರಿಲ್ ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಬೆವರು ಸುರಿಸಿ, ಬರೀ ನೀರು ಕುಡಿದು, ಕಾಲು ಹಿಡಿದಾಗ ಮೆಗ್ನೀಷಿಯಂ ಕೇಳುತ್ತಾರೆ. ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ ಒಂದು ಗ್ರಾಂ ಹತ್ತಿರ ಹೋಗುತ್ತದೆ, ಮೆಗ್ನೀಷಿಯಂ ಹೋಗುವುದು ಅದರ ಮುಂದೆ ತೀರಾ ಸ್ವಲ್ಪ. ಅಂಥ ದಿನ ಕೆಲಸಕ್ಕೆ ಬರುವುದು ಉಪ್ಪು ಹಾಕಿದ ಮಜ್ಜಿಗೆ. ಇನ್ನು ಹೋದ ವಾರ 20 ಕಿಲೋಮೀಟರ್ ತುಳಿದವನು ಈ ವಾರ ಏಕ್‌ದಮ್ 60 ತುಳಿದರೆ ಕಾಲು ನೋಯದೆ ಏನು ಮಾಡುತ್ತದೆ? ಅದಕ್ಕೆ ಯಾವ ಡಬ್ಬಿಯಲ್ಲೂ ಔಷಧಿ ಇಲ್ಲ.

## ಹಂತ 4: ರಕ್ತ ಪರೀಕ್ಷೆ ಬೇಕೇ

ಆರೋಗ್ಯವಾಗಿರುವವರಿಗೆ ಬೇಕಿಲ್ಲ. ಮೈಯಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಷಿಯಂನಲ್ಲಿ ಅರ್ಧಕ್ಕಿಂತ ಜಾಸ್ತಿ ಎಲುಬಿನಲ್ಲಿದೆ, ಪರೀಕ್ಷೆ ಮಾಡುವ ರಕ್ತದ ನೀರಿನಲ್ಲಿ ಇರುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದರೂ ಒಳಗಿನ ದಾಸ್ತಾನು ತುಂಬಿದೆ ಅಂತ ಹೇಳಲಾಗದು. ಆದರೆ ಕಡಿಮೆ ಅಂತ ಬಂದರೆ ಅದು ನಿಜಕ್ಕೂ ಕಡಿಮೆ, ಡಬ್ಬಿ ಕೊಂಡು ಸುಮ್ನೆ ಕೂರುವ ವಿಷಯವಲ್ಲ. ಕಾರಣ ಹುಡುಕಬೇಕು, ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಕೂಡ ನೋಡಿಸಬೇಕು. ಮೆಗ್ನೀಷಿಯಂ ಇಳಿದರೆ ಅವೆರಡನ್ನೂ ಎಳೆದುಕೊಂಡು ಇಳಿಯುತ್ತದೆ.

ಯಾರಲ್ಲಿ ಕಡಿಮೆಯಾಗುತ್ತದೆ? ತಿಂಗಳುಗಟ್ಟಲೆ ಭೇದಿ ಇರುವವರು, ದಿನಾ ಕುಡಿಯುವವರು, ಸಕ್ಕರೆ ಹತೋಟಿಯಲ್ಲಿ ಇಲ್ಲದವರು, ಮೂತ್ರ ಹೆಚ್ಚಿಸುವ ಕೆಲವು ಬಿಪಿ ಗುಳಿಗೆ ತಗೊಳ್ಳುವವರು. ಇನ್ನೊಂದು ಗುಂಪು ನಮ್ಮ ಊರಿನಲ್ಲಿ ತುಂಬಾ ದೊಡ್ಡದು: ಖಾರ ಊಟ, ಎದೆ ಉರಿ, ಅದಕ್ಕೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್. ಈ ಜಾತಿಯ ಗ್ಯಾಸಿನ ಗುಳಿಗೆಯನ್ನು ಬಹಳ ಕಾಲ ತಗೊಂಡರೆ ಮೆಗ್ನೀಷಿಯಂ ಇಳಿಯಬಹುದು ಅಂತ ಅಮೆರಿಕದ ಔಷಧ ಇಲಾಖೆ 2011ರಲ್ಲೇ ಎಚ್ಚರಿಸಿದೆ. ನೀವು ಈ ಗುಂಪಿನವರಾದರೆ ಪರೀಕ್ಷೆಗೆ ಅರ್ಥ ಇದೆ.

## ಹಂತ 5: ಯಾವ ಜಾತಿ ಕೊಳ್ಳಬೇಕು

ಮೆಗ್ನೀಷಿಯಂ ಒಂಟಿಯಾಗಿ ಡಬ್ಬಿಯಲ್ಲಿ ಇರುವುದಿಲ್ಲ. ಯಾವುದೋ ಒಂದರ ಜೊತೆ ಜೋಡಿಯಾಗಿ ಇರುತ್ತದೆ. ಆ ಜೋಡಿ ಯಾರು ಅನ್ನುವುದರ ಮೇಲೆ ಹೊಟ್ಟೆಯ ಕತೆ ನಿಂತಿದೆ.

ಆಕ್ಸೈಡ್: ಅಗ್ಗ. ಕಾಗದದ ಮೇಲೆ ಅಂಕಿ ದೊಡ್ಡದು, ಕರುಳಿನಲ್ಲಿ ಹೀರಿಕೊಳ್ಳುವುದು ಕಡಿಮೆ, ಹೀರದೆ ಉಳಿದದ್ದು ನೀರು ಎಳೆದುಕೊಂಡು ಭೇದಿ ಮಾಡಿಸುತ್ತದೆ. ಸೊಲ್ಲಾಪುರ ರಸ್ತೆಯ ನನ್ನ ಕತೆ ಇದರದ್ದೇ.

ಸಿಟ್ರೇಟ್: ಹೀರಿಕೊಳ್ಳುವುದು ಚೆನ್ನಾಗಿದೆ, ಬೆಲೆ ನಡುಮಟ್ಟದ್ದು. ಮಲವನ್ನು ಸ್ವಲ್ಪ ಸಡಿಲ ಮಾಡುತ್ತದೆ. ಮಲಬದ್ಧತೆ ಇರುವವರಿಗೆ ಇದು ಒಂದು ಕಲ್ಲಿಗೆ ಎರಡು ಹಕ್ಕಿ, ಹೊಟ್ಟೆ ಮೊದಲೇ ನಾಜೂಕಾಗಿರುವವರಿಗೆ ಕಷ್ಟ.

ಗ್ಲೈಸಿನೇಟ್, ಕೆಲವು ಡಬ್ಬಿಗಳಲ್ಲಿ ಬಿಸ್‌ಗ್ಲೈಸಿನೇಟ್ ಅಂತ ಇರುತ್ತದೆ: ಹೊಟ್ಟೆಗೆ ಮೃದು, ಬೆಲೆ ಜಾಸ್ತಿ. ದಿನಾ ತಗೊಳ್ಳುವವರಿಗೆ ನಾನು ಸಾಮಾನ್ಯವಾಗಿ ಇದನ್ನೇ ಕೊಡುತ್ತೇನೆ.

ಥ್ರಿಯೊನೇಟ್ ಅಂತ ಇನ್ನೊಂದು ಬಂದಿದೆ. ಎರಡು ಗ್ರಾಂ ನುಂಗಿದರೆ ಮೆಗ್ನೀಷಿಯಂ ಸಿಗುವುದು 144 ಮಿಗ್ರಾಂ, ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ವ್ಯಾಯಾಮದ ಮೈನೋವಿಗೆ ಇದನ್ನು ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಎಪ್ಸಂ ಉಪ್ಪು ಮೆಗ್ನೀಷಿಯಂ ಸಲ್ಫೇಟ್. ಬಿಸಿನೀರಿಗೆ ಹಾಕಿ ಕಾಲು ಇಳಿಬಿಟ್ಟು ಕೂತರೆ ಹಿತವೇ. ಆ ಹಿತ ಬಹುಮಟ್ಟಿಗೆ ಬಿಸಿನೀರಿನದು. ಚಮಚದಲ್ಲಿ ಅಳೆದು ಕುಡಿಯುವ ಸಾಹಸ ಮಾಡಬೇಡಿ, ಅದು ಜೋರು ಭೇದಿ ಔಷಧಿ.

## ಹಂತ 6: ಲೇಬಲ್ ಓದುವುದು (ಇಲ್ಲೇ ಬಹಳ ಜನ ಬೀಳುತ್ತಾರೆ)

ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿ ಇರುವ ಅಂಕಿಯನ್ನು ಮರೆತುಬಿಡಿ. "ಮೆಗ್ನೀಷಿಯಂ ಗ್ಲೈಸಿನೇಟ್ 1000 ಮಿಗ್ರಾಂ" ಅಂದರೆ ಜೋಡಿ ಎರಡೂ ಸೇರಿದ ತೂಕ. ಜೋಳದ ತೆನೆ ತೂಗಿ ಕಾಳಿನ ಲೆಕ್ಕ ಹೇಳಿದ ಹಾಗೆ. ನಮಗೆ ಬೇಕಾದದ್ದು ಕಾಳಿನ ತೂಕ. ಡಬ್ಬಿಯ ಹಿಂಬದಿ ಸಣ್ಣ ಅಕ್ಷರದಲ್ಲಿ ಅದನ್ನು "ಎಲಿಮೆಂಟಲ್ ಮೆಗ್ನೀಷಿಯಂ" ಅಂತ ಬರೆದಿರುತ್ತಾರೆ.

ಎಲಿಮೆಂಟಲ್ ಬರೆದೇ ಇಲ್ಲವಾದರೆ ನೀವೇ ಲೆಕ್ಕ ಹಾಕಿ. ಆಕ್ಸೈಡಿನಲ್ಲಿ ನೂರಕ್ಕೆ 60, ಸಿಟ್ರೇಟಿನಲ್ಲಿ ನೂರಕ್ಕೆ 16, ಗ್ಲೈಸಿನೇಟಿನಲ್ಲಿ ನೂರಕ್ಕೆ 14. ಹಾಗಾದರೆ 1000 ಮಿಗ್ರಾಂ ಗ್ಲೈಸಿನೇಟಿನಲ್ಲಿ 140, ಅಷ್ಟೇ ಸಿಟ್ರೇಟಿನಲ್ಲಿ 160, ಆದರೆ ಬರೀ 500 ಮಿಗ್ರಾಂ ಆಕ್ಸೈಡಿನಲ್ಲಿ 300.

ಈ ಲೆಕ್ಕದಿಂದ ಇನ್ನೊಂದು ಉಪಯೋಗ ಇದೆ, ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿರುತ್ತೇನೆ. ಗ್ಲೈಸಿನೇಟ್ 500 ಮಿಗ್ರಾಂ ಅಂತ ಬರೆದು, ಅದರಲ್ಲಿ ಎಲಿಮೆಂಟಲ್ 200 ಅಂತಲೂ ಬರೆದಿದ್ದರೆ ಅದು ಆಗದ ಮಾತು. 500ಕ್ಕೆ 70 ಬರಬೇಕು. ಒಂದೋ ಒಳಗೆ ಆಕ್ಸೈಡ್ ಬೆರೆಸಿದ್ದಾರೆ, ಇಲ್ಲವೇ ಲೇಬಲ್ಲೇ ತಪ್ಪು. "ಬಫರ್ಡ್" ಅನ್ನುವ ಪದ ಎಲ್ಲಾದರೂ ಕಂಡರೆ ಆಕ್ಸೈಡ್ ಬೆರೆತಿರುತ್ತದೆ ಅಂತ ತಿಳಿಯಿರಿ. ನೀವು ಗ್ಲೈಸಿನೇಟಿನ ರೊಕ್ಕ ಕೊಟ್ಟಿರುತ್ತೀರಲ್ಲ?

ಎರಡನೇ ಬಲೆ "ಸರ್ವಿಂಗ್". 200 ಮಿಗ್ರಾಂ ಅಂತ ಕಂಡು ಖುಷಿಪಟ್ಟು ಕೊಂಡರೆ, ಪಕ್ಕದಲ್ಲಿ "ಒಂದು ಸರ್ವಿಂಗ್ ಅಂದರೆ ಎರಡು ಗುಳಿಗೆ" ಅಂತ ಇರುತ್ತದೆ. ಕೆಲವದರಲ್ಲಿ ಮೂರು. ಇದರ ಉಲ್ಟಾ ತಪ್ಪೂ ಆಗುತ್ತದೆ. ಒಂದೇ ಗುಳಿಗೆಯಲ್ಲಿ ಪೂರ್ತಿ ಡೋಸ್ ಇದ್ದಾಗ ಅಭ್ಯಾಸಬಲದಿಂದ ಎರಡು ನುಂಗುತ್ತಾರೆ.

ಮೂರನೆಯದು, ಜೊತೆಗೆ ಸೇರಿಸಿದ ಸಾಮಾನು. ಜಿಂಕ್, ವಿಟಮಿನ್ ಡಿ, ಅಶ್ವಗಂಧ, ಮೆಲಟೋನಿನ್ ಎಲ್ಲ ಒಂದರಲ್ಲೇ ಕಲಸಿದ ಡಬ್ಬಿಗಳು ಬಂದಿವೆ. ನಿದ್ದೆ ಬಂದರೆ ಯಾವುದರಿಂದ ಬಂತು? ಹೊಟ್ಟೆ ಕೆಟ್ಟರೆ ಯಾವುದರಿಂದ ಕೆಟ್ಟಿತು? ಹೇಳುವುದು ಹೇಗೆ? ಮೊದಲ ಸಲ ಬರೀ ಮೆಗ್ನೀಷಿಯಂ ಇರುವುದನ್ನೇ ತಗೊಳ್ಳಿ.

ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಇವಿಷ್ಟು ನೋಡಿ. ಜಿಮ್ಮಿನಲ್ಲಿ ಯಾರೋ ದೊಡ್ಡ ಡಬ್ಬಿಯಿಂದ ಚಿಕ್ಕ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮಾರುವುದನ್ನು ಮುಟ್ಟಬೇಡಿ. ಮತ್ತೆ, ಚಿಕ್ಕ ಡಬ್ಬಿ ಕೊಳ್ಳಿ. ತೆರೆದದ್ದನ್ನು ನಾವು ವಾಪಸ್ ತಗೊಳ್ಳುವುದಿಲ್ಲ, ಎಷ್ಟು ಕೇಳಿದರೂ.

## ಹಂತ 7: ನುಂಗುವ ಮುಂಚೆ ಒಂದು ವಾರ ಬರೆಯಿರಿ

ಡಬ್ಬಿ ಮನೆಗೆ ಬಂತು, ತೆರೆಯಬೇಡಿ. ಒಂದು ವಾರ ದಿನಾ ಬೆಳಿಗ್ಗೆ ನಾಲ್ಕು ವಿಷಯ ಬರೆಯಿರಿ: ಮೈನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಎಷ್ಟು ತಾಸು ನಿದ್ದೆ, ನಿನ್ನೆ ಏನು ವ್ಯಾಯಾಮ, ಹೊಟ್ಟೆ ಹೇಗಿದೆ. ಈ ವಾರ ಇಲ್ಲದಿದ್ದರೆ ಆಮೇಲೆ ಹೋಲಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. "ಸ್ವಲ್ಪ ಆರಾಮ ಅನ್ನಿಸ್ತದ" ಅನ್ನುವುದು ರೊಕ್ಕ ಕೊಟ್ಟ ಮನಸ್ಸಿನ ಮಾತೂ ಆಗಿರಬಹುದು, ಅಲ್ವಾ?

## ಹಂತ 8: 100ರಿಂದ ಶುರು

ಮೊದಲ ವಾರ ರಾತ್ರಿ ಊಟ ಆದ ಕೂಡಲೇ ಎಲಿಮೆಂಟಲ್ 100 ಮಿಗ್ರಾಂ ಹತ್ತಿರ ಬರುವಷ್ಟು, ದೊಡ್ಡ ಲೋಟ ನೀರಿನ ಜೊತೆ. ನಿಮ್ಮ ಗುಳಿಗೆ 200ರದ್ದಾದರೆ ಅರ್ಧ ಮಾಡಿ. ಕ್ಯಾಪ್ಸೂಲ್ ಆದರೆ ಅರ್ಧ ಮಾಡಲಾಗದು, ಕೊಳ್ಳುವಾಗಲೇ ಇದನ್ನು ಯೋಚಿಸಿ. ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಯನ್ನೂ ಕತ್ತರಿಸಬಾರದು.

ಹೊಟ್ಟೆ ಸುಮ್ಮನಿದ್ದರೆ ಎರಡನೇ ವಾರದಿಂದ 200ಕ್ಕೆ ಏರಿಸಿ. ಅಲ್ಲಿಗೆ ನಿಲ್ಲಿಸಿ. ಊಟದಿಂದ ಬರುವುದು ಬೇರೆ ಇದ್ದೇ ಇದೆಯಲ್ಲ. ಗುಳಿಗೆ, ಪುಡಿ ರೂಪದಲ್ಲಿ ಮಾತ್ರ ತಗೊಳ್ಳುವುದಕ್ಕೆ ಅಮೆರಿಕದವರು ಹಾಕಿರುವ ಮೇಲಿನ ಗಡಿ ದಿನಕ್ಕೆ 350, ಯುರೋಪಿನವರದು 250. ಡಾಕ್ಟರ್ ಹೇಳದೆ ಆ ಗಡಿಯ ಹತ್ತಿರ ಹೋಗುವ ಕಾರಣ ನನಗೆ ತಿಳಿದ ಮಟ್ಟಿಗೆ ಇಲ್ಲ.

ಎದೆ ಉರಿಗೆ ಕುಡಿಯುವ ಬಿಳಿ ಆಂಟಾಸಿಡ್ ಸಿರಪ್ಪುಗಳಲ್ಲಿ, ಮಲಬದ್ಧತೆಗೆ ಕುಡಿಯುವ ಮಿಲ್ಕ್ ಆಫ್ ಮೆಗ್ನೀಷಿಯಾದಲ್ಲಿ ಇರುವುದೂ ಮೆಗ್ನೀಷಿಯಂ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಾ ಎರಡು ಮುಚ್ಚಳ ಸಿರಪ್ ಕುಡಿಯುತ್ತ "ನಾನು ಬರೀ 200 ತಗೋತೀನಿ" ಅನ್ನುವವರನ್ನು ನೋಡಿದ್ದೇನೆ.

ಭೇದಿಯಾದರೆ ಹಿಂದಿನ ಡೋಸಿಗೆ ಇಳಿಯಿರಿ. ಆಗಲೂ ನಿಲ್ಲದಿದ್ದರೆ ಎರಡು ದಿನ ಬಿಟ್ಟು, ಅದೇ ಡೋಸನ್ನು ಎರಡು ಊಟಕ್ಕೆ ಹಂಚಿ. ಅದೂ ಆಗಲಿಲ್ಲವೇ, ಜಾತಿ ಬದಲಿಸಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

## ಹಂತ 9: ಬೇರೆ ಗುಳಿಗೆಗಳಿಂದ ದೂರ ಇಡುವುದು

ಮೆಗ್ನೀಷಿಯಂ ಹೊಟ್ಟೆಯಲ್ಲಿ ಬೇರೆ ಔಷಧಿಯನ್ನು ಹಿಡಿದುಕೊಳ್ಳುತ್ತದೆ, ಆ ಔಷಧಿ ರಕ್ತಕ್ಕೆ ಹೋಗದೆ ಹಾಗೇ ಹೊರಗೆ ಹೋಗುತ್ತದೆ. ಥೈರಾಯ್ಡ್ ಗುಳಿಗೆ ತಗೊಳ್ಳುವವರು ನಾಲ್ಕು ತಾಸು ಅಂತರ ಇಡಬೇಕು. ಅದು ಬೆಳಗಿನ ಖಾಲಿ ಹೊಟ್ಟೆಯದು, ಮೆಗ್ನೀಷಿಯಂ ರಾತ್ರಿಯದು, ಹಾಗಾಗಿ ತಾನಾಗೇ ಸರಿಹೋಗುತ್ತದೆ. ತೊಂದರೆ ಆಗುವುದು "ಎಲ್ಲಾ ಒಮ್ಮೆಲೆ ನುಂಗಿ ಬಿಡ್ತೀನ್ರಿ" ಅನ್ನುವ ಅಕ್ಕಂದಿರಿಗೆ. ಆರು ತಿಂಗಳು ಬಿಟ್ಟು ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿರುತ್ತದೆ, ಡಾಕ್ಟರ್ ಥೈರಾಯ್ಡ್ ಡೋಸ್ ಹೆಚ್ಚಿಸುತ್ತಾರೆ, ಕಾರಣ ಮಾತ್ರ ಡಬ್ಬಿಯಲ್ಲೇ ಕೂತಿರುತ್ತದೆ.

ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಥರದ ಆಂಟಿಬಯಾಟಿಕ್ ಇದ್ದರೆ ಅದನ್ನು ಮೆಗ್ನೀಷಿಯಂಗೆ ಎರಡು ತಾಸು ಮುಂಚೆ, ಇಲ್ಲವೇ ನಾಲ್ಕರಿಂದ ಆರು ತಾಸು ಆಮೇಲೆ ತಗೊಳ್ಳಬೇಕು. ಇಷ್ಟೆಲ್ಲ ಗಡಿಯಾರ ನೋಡುವ ಬದಲು ಆಂಟಿಬಯಾಟಿಕ್ ಮುಗಿಯುವವರೆಗೆ ಮೆಗ್ನೀಷಿಯಂ ನಿಲ್ಲಿಸಿಬಿಡಿ, ಏನೂ ಕೆಡುವುದಿಲ್ಲ. ಎಲುಬು ಸವೆತಕ್ಕೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ತಗೊಳ್ಳುವವರು ಕನಿಷ್ಠ ಎರಡು ತಾಸು ಬಿಡಿ. ಕಬ್ಬಿಣದ ಗುಳಿಗೆ ಮತ್ತು ದೊಡ್ಡ ಡೋಸಿನ ಕ್ಯಾಲ್ಸಿಯಂ ಬೇರೆ ಹೊತ್ತಿಗೆ ಇರಲಿ.

ಸ್ಪೈರೊನೊಲ್ಯಾಕ್ಟೋನ್ ಥರದ ಮೂತ್ರ ಹೆಚ್ಚಿಸುವ ಗುಳಿಗೆ ಇದ್ದರೆ ಅಂತರದಿಂದ ಪ್ರಯೋಜನವಿಲ್ಲ. ಅದು ಮೆಗ್ನೀಷಿಯಂ ಮೈಯಲ್ಲೇ ಉಳಿಯುವ ಹಾಗೆ ಮಾಡುತ್ತದೆ. ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ವ್ಯಾಯಾಮ ಮುಗಿದ ಅರ್ಧ ತಾಸಿನೊಳಗೆ ತಗೊಳ್ಳಬೇಕು ಅನ್ನುವ ಮಾತು ಜಿಮ್ಮಿನ ಗೋಡೆಗಳಿಗೂ ಬಾಯಿಪಾಠ ಆಗಿದೆ. ತಲೆಕೆಡಿಸಿಕೊಳ್ಳಬೇಡಿ. ದಿನಾ ಅದೇ ಹೊತ್ತು, ಊಟದ ಜೊತೆ, ಅಷ್ಟು ಸಾಕು.

## ಹಂತ 10: ಯಾವಾಗ ಕೂಡಲೇ ನಿಲ್ಲಿಸಬೇಕು

ಸಡಿಲ ಮಲ, ಹೊಟ್ಟೆ ಗುಡುಗುಡು, ಸ್ವಲ್ಪ ವಾಕರಿಕೆ, ಇವು ಡೋಸ್ ಜಾಸ್ತಿಯಾಯಿತು ಅನ್ನುವ ಸೂಚನೆ. ಇಳಿಸಿದರೆ ಹೋಗುತ್ತವೆ.

ಆದರೆ ಕೈಕಾಲಿನಲ್ಲಿ ಬಲವೇ ಇಲ್ಲದ ಹಾಗೆ ಆಗುವುದು, ಮುಖ ಬಿಸಿಯೇರಿ ಕೆಂಪಾಗುವುದು, ಹಗಲಲ್ಲೇ ಎಚ್ಚರ ಇರಲಾರದಷ್ಟು ಮಂಪರು, ಎದ್ದು ನಿಂತರೆ ತಲೆ ಸುತ್ತಿ ಬೀಳುವ ಹಾಗೆ ಆಗುವುದು, ನಾಡಿ ತೀರಾ ನಿಧಾನ, ಉಸಿರು ನಿಧಾನ, ಇವುಗಳಲ್ಲಿ ಯಾವುದು ಕಂಡರೂ ಗುಳಿಗೆ ನಿಲ್ಲಿಸಿ, ಡಬ್ಬಿ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಉಸಿರಾಟಕ್ಕೆ ಕಷ್ಟವಾದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಸೂಚನೆಗೂ ಮೆಗ್ನೀಷಿಯಂಗೂ ಸಂಬಂಧ ಇಲ್ಲ, ಆದರೂ ಹೇಳಲೇಬೇಕು. ಜೋರು ವ್ಯಾಯಾಮದ ಮರುದಿನ ಮೈ ವಿಪರೀತ ನೋಯುತ್ತಿದೆ, ಮಾಂಸಖಂಡ ಊದಿದೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದೆ ಅಂದರೆ ಅದು ಮಾಂಸಖಂಡ ಒಡೆದು ಕಿಡ್ನಿಗೆ ಪೆಟ್ಟು ಬೀಳುವ ಸ್ಥಿತಿ ಇರಬಹುದು. ಎಷ್ಟೋ ದಿನ ಬಿಟ್ಟು ಒಮ್ಮೆಲೆ ಸಾವಿರ ಬೈಠಕ್ ಹೊಡೆದವರಿಗೆ ಇದು ಆಗುತ್ತದೆ. ಆಗ ಮೆಗ್ನೀಷಿಯಂ ನುಂಗಿ ಮಲಗುವುದು, ನೋವಿನ ಗುಳಿಗೆ ನುಂಗುವುದು ಎರಡೂ ಅಪಾಯ. ಅದೇ ದಿನ ಆಸ್ಪತ್ರೆ.

## ಹಂತ 11: ಆರು ವಾರ, ಆಮೇಲೆ ಎರಡು ವಾರ ಖಾಲಿ

ಆರು ವಾರ ಬೇರೆ ಏನನ್ನೂ ಹೊಸದಾಗಿ ಶುರು ಮಾಡಬೇಡಿ. ಹೊಸ ಪ್ರೋಟೀನ್ ಪುಡಿ ಬೇಡ, ಹೊಸ ವ್ಯಾಯಾಮ ಬೇಡ. ನೋಟ್‌ಬುಕ್ ಬರೆಯುತ್ತಾ ಹೋಗಿ. ಗುಳಿಗೆಯ ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲೋ ಅಡುಗೆಮನೆಯ ಒಲೆ ಪಕ್ಕವೋ ಇಡಬೇಡಿ, ನಮ್ಮ ಬೇಸಿಗೆಗೆ ಗುಳಿಗೆ ಅಂಟಿ ಮುದ್ದೆಯಾಗುತ್ತದೆ.

ಆರನೇ ವಾರದ ಕೊನೆಗೆ, ನುಂಗುವ ಮುಂಚಿನ ವಾರದ ಅಂಕ ಮತ್ತು ಕೊನೆಯ ವಾರದ ಅಂಕ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಎರಡು ವಾರ ಗುಳಿಗೆ ಬಿಡಿ, ಬರೆಯುವುದನ್ನು ಬಿಡಬೇಡಿ. ಬಿಟ್ಟಾಗ ನೋವು ಏರಿ, ನಿದ್ದೆ ಕೆಟ್ಟರೆ ಗುಳಿಗೆ ಕೆಲಸ ಮಾಡುತ್ತಿರಬಹುದು, 200ರಲ್ಲೇ ಮುಂದುವರಿಸಿ, ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ನೋಡಿಸಿ. ಏನೂ ಬದಲಾಗಲಿಲ್ಲ ಅಂದರೆ ನಿಮಗೆ ಅದು ಬೇಕಿರಲಿಲ್ಲ.

ನನ್ನ ನೋಟ್‌ಬುಕ್‌ನಲ್ಲಿ ಗ್ಲೈಸಿನೇಟ್ ತಗೊಂಡ ಕೊನೆಯ ವಾರ ಮೈನೋವು ಸರಾಸರಿ ನಾಲ್ಕು, ಬಿಟ್ಟ ಎರಡನೇ ವಾರವೂ ನಾಲ್ಕು. ಮೂರು ದಿನದ ಊಟದ ಲೆಕ್ಕ ಆಮೇಲೆ ಹಾಕಿ ನೋಡಿದರೆ ದಿನಕ್ಕೆ 380ರ ಮೇಲೇ ಇತ್ತು, ಮೊದಲೇ ಹಾಕಿದ್ದರೆ ರೊಕ್ಕ ಉಳಿಯುತ್ತಿತ್ತು. ಈಗ ಮನೆಯಲ್ಲಿ ಸಜ್ಜಿ ರೊಟ್ಟಿ ಮಾಡುವಾಗ ಎಳ್ಳು ಸ್ವಲ್ಪ ಜಾಸ್ತಿ ಹಚ್ಚು ಅಂತ ಅವ್ವನಿಗೆ ಹೇಳುತ್ತೇನೆ. "ಅಂಗಡ್ಯಾಗ ಗುಳಿಗಿ ಮಾರಾಂವ ಮನ್ಯಾಗ ಎಳ್ಳ ಬೇಡ್ತಾನ" ಅಂತ ಅವಳು ಬೈಯುತ್ತಾಳೆ, ಹಚ್ಚುತ್ತಾಳೆ.